ಖಾಲಿ ಕೋಣೆಯ ಮೌನ

ಆ ಕಂಪನಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗೇಟು ಕಾಯುವವನಿಂದ ಹಿಡಿದು ಯಜಮಾನರವರೆಗೆ ಎಲ್ಲರಿಗೂ ಅವನು ಸೂಜಿಕಿವಿ. ಮನೆಯಲ್ಲಿ ಕೂತು ಸಂಗೀತ ಕೇಳುವವರಿಗಾಗಿ ಹೈ ರೆಸಲ್ಯೂಶನ್ ಡಿಸ್ಕುಗಳನ್ನು ಮಾಡುವ ಕಂಪನಿ ಅದು. ನೋಡಲು ಮಾಮೂಲಿ ಸಿ.ಡಿ.ಯ ಹಾಗೆಯೇ ಇರುತ್ತದೆ, ಆದರೆ ಒಳಗೆ ಎರಡು ಪದರ. ಒಂದು ಪದರ ಯಾವ ಪ್ಲೇಯರಿನಲ್ಲಾದರೂ ಹಾಡುತ್ತದೆ. ಇನ್ನೊಂದರಲ್ಲಿ ಅದರ ಹಲವು ಪಟ್ಟು ವಿವರ ತುಂಬಿರುತ್ತದೆ, ಅದನ್ನು ಓದಲು ಬೇರೆಯೇ ಪ್ಲೇಯರ್ ಬೇಕು. ಇಂಥ ಡಿಸ್ಕು ಕೊಳ್ಳುವವರು ಊರಿಗೆ ನಾಲ್ಕು ಜನ, ನಾಲ್ವರೂ ಮಹಾ ತಕರಾರಿನವರು. ಏಳನೇ ನಿಮಿಷದಲ್ಲಿ ಯಾರೋ ಕುರ್ಚಿ ಎಳೆದಿದ್ದಾರೆ ಎಂದು ಎರಡು ಪುಟದ ಕಾಗದ ಬರೆಯುವ ಪೈಕಿ. ಅಂಥ ಕಾಗದ ಬರದ ಹಾಗೆ ನೋಡಿಕೊಳ್ಳುವುದೇ ಸೂಜಿಕಿವಿಯ ಕೆಲಸ.

ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರುತ್ತಿದ್ದ. ಬೇಡದ ಸದ್ದು ಕೇಳಿದ ಕೂಡಲೇ ನೋಟ್‌ಬುಕ್ಕಿನಲ್ಲಿ ತಾರೀಕು, ನಿಮಿಷ, ಸೆಕೆಂಡು, ಎಂಥ ಸದ್ದು ಎಂದು ಬರೆಯುತ್ತಿದ್ದ. ಆಮೇಲೆ ಅದನ್ನು ಕತ್ತರಿಸಿ, ಆ ಜಾಗಕ್ಕೆ ಕೋಣೆಯ ಮೌನವನ್ನು ತೇಪೆ ಹಾಕುತ್ತಿದ್ದ. ಮೌನವೂ ಒಂದೊಂದು ಕೋಣೆಗೆ ಒಂದೊಂದು ಥರ. ಹಾಗಾಗಿ ರೆಕಾರ್ಡಿಂಗ್ ಆದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ಖಾಲಿ ಕೋಣೆಯನ್ನು ಎರಡು ನಿಮಿಷ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವುದು ಈ ಕಸುಬಿನ ರೂಢಿ. ತೇಪೆ ಹಾಕಿದ ಸಾಲಿನ ಕೊನೆಗೆ 'ತೆಗೆದಿದೆ' ಎಂದು ಬರೆದರೆ ಅವನಿಗೆ ಹೊಟ್ಟೆ ತುಂಬಿದಷ್ಟು ಸಮಾಧಾನ.

ಈ ಕಿವಿಯನ್ನು ಅವನಿಗೆ ಕೊಟ್ಟವಳು ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹದಿನೇಳು. ಸಾಕಿದಳು, ಓದಿಸಿದಳು. ಅವನ ಕಣ್ಣು ಮುಚ್ಚಿಸಿ ಪಿಟೀಲಿನ ತಂತಿ ಮೀಟಿ, ಯಾವುದು ಹೇಳು ನೋಡೋಣ ಎಂದು ಆಟ ಆಡಿಸಿದಳು. ಅವಳು ವೇದಿಕೆ ಹತ್ತಿದವಳಲ್ಲ. ಮುಂದಿನ ಕೋಣೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿಕೊಟ್ಟೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಅವಳದೊಂದು ಡಿಸ್ಕು ತರಬೇಕೆಂದು ಸೂಜಿಕಿವಿ ವರ್ಷಗಟ್ಟಲೆ ಯಜಮಾನರ ಬೆನ್ನು ಹತ್ತಿದ್ದ. ಕೊನೆಗೂ ಅವರು ಹೂಂ ಅಂದರು. ಭಾನುವಾರದ ಮಧ್ಯಾಹ್ನಗಳಲ್ಲಿ ಅಕ್ಕನ ಆ ಕೋಣೆಯಲ್ಲೇ ರೆಕಾರ್ಡಿಂಗ್ ಶುರುವಾಯಿತು.

ಎರಡನೇ ಭಾನುವಾರ ಅವನ ಕಿವಿಗೆ ಒಂದು ಸಣ್ಣ ಸಿಳ್ಳೆ ಬಿತ್ತು. ಅಕ್ಕ ಒಂದು ಸಾಲು ನುಡಿಸಿ ಉಸಿರೆಳೆದುಕೊಳ್ಳುವಾಗ, ಆ ಉಸಿರಿನ ತುದಿಯಲ್ಲಿ. ಎದುರಿಗೆ ಕೂತವರಿಗೆ ಕೇಳಿಸುವಂಥದಲ್ಲ, ಆ ಮೈಕಿಗೆ, ಈ ಕಿವಿಗೆ ಮಾತ್ರ. ಕೇಬಲ್ಲಿನ ದೋಷವಿರಬೇಕು ಅಂದುಕೊಂಡ. ಕೇಬಲ್ಲು ಬದಲಾಯಿಸಿದ. ಮೈಕು ಬದಲಾಯಿಸಿದ. ಕಿಟಕಿಯ ಸಂದಿಗೆ ಬಟ್ಟೆ ತುರುಕಿದ. ಸಿಳ್ಳೆ ಹೋಗಲಿಲ್ಲ. ಮುಂದಿನ ವಾರಗಳಲ್ಲಿ ಅದು ಉದ್ದವಾಯಿತು.

"ಅಕ್ಕಾ, ಸ್ವಲ್ಪ ಮೆಲ್ಲಗೆ ಉಸಿರಾಡೋಕಾಗುತ್ತಾ? ಮೈಕಿಗೆ ಸಿಗ್ತಾ ಇದೆ."

"ಆಯ್ತಪ್ಪ, ಉಸಿರಾಡೋದೇ ಬಿಟ್ಬಿಡ್ತೀನಿ, ಸಾಕಾ?" ಎಂದು ಅಕ್ಕ ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು. ಸೂಜಿಕಿವಿ ಕೆಮ್ಮು ಮುಗಿಯುವ ತನಕ ಕಾದು, ನಿಮಿಷ ಸೆಕೆಂಡು ಬರೆದುಕೊಂಡ.

ಇಷ್ಟು ಓದಿದ ನಿಮಗೆ ಎದೆಯಲ್ಲಿ ಏನೋ ಚುಚ್ಚಿರಬೇಕು. ಅವನಿಗೆ ಚುಚ್ಚಲಿಲ್ಲ. ದಡ್ಡನಲ್ಲ, ಕಲ್ಲೆದೆಯವನಂತೂ ಅಲ್ಲವೇ ಅಲ್ಲ, ಅಕ್ಕನೆಂದರೆ ಪ್ರಾಣ. ಆದರೆ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದವನಿಗೆ ಸದ್ದೆಂದರೆ ಎರಡೇ ಜಾತಿ, ಇಟ್ಟುಕೊಳ್ಳುವುದು ಮತ್ತು ತೆಗೆಯುವುದು. ಅಕ್ಕನ ಸಿಳ್ಳೆ ಎರಡನೆಯದರಲ್ಲಿ ಸೇರಿಹೋಗಿತ್ತು. ಅಕ್ಕ ಪಾಪ, ತಮ್ಮನಿಗೆ ತೊಂದರೆಯಾಗಬಾರದೆಂದು ಉಸಿರು ಹಿಡಿದು ನುಡಿಸತೊಡಗಿದಳು. ಹತ್ತನೇ ವಾರಕ್ಕೆ ಸಾಲು ಸಾಲಿಗೂ ಕಮಾನು ಇಳಿಸಿ ಗೋಡೆಗೆ ಒರಗುತ್ತಿದ್ದಳು. ಅಲ್ಲೆಲ್ಲ ಅವನು ಖಾಲಿ ಕೋಣೆಯ ಮೌನವನ್ನು ತೇಪೆ ಹಾಕಿದ.

ಐದು ತಿಂಗಳಿಗೆ ಡಿಸ್ಕಿನ ಮೊದಲ ಪ್ರತಿ ಬಂತು. ಒಂದು ಸಂಜೆ ಪ್ಲೇಯರನ್ನೂ ಹೊತ್ತುಕೊಂಡು ಅಕ್ಕನ ಮನೆಗೆ ಓಡಿದ. ಅಕ್ಕ ಒಳಗೆ ಮಲಗಿದ್ದಳು. ಭಾವ ಒಬ್ಬರೇ ಕೂತಿದ್ದರು. ಇಪ್ಪತ್ತೆಂಟು ವರ್ಷ ಬಸ್ಸಿನ ಎಂಜಿನ್ನಿನ ಪಕ್ಕ ಕೂತು ಎಡಗಿವಿ ಪೂರ್ತಿ ಹೋದ ಡ್ರೈವರು ಅವರು. ಸಂಗೀತದ ಗಂಧಗಾಳಿ ಇಲ್ಲ. ಆದರೂ ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ ಕೊನೆಯ ತನಕ ಕೇಳಿದರು.

"ಇದರಲ್ಲಿ ಅವಳೆಲ್ಲಿದಾಳೋ?" ಎಂದರು.

"ಅಂದ್ರೆ?"

"ಪಿಟೀಲಿದೆ, ಅವಳಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ರೆ ಗೊತ್ತಾಗುತ್ತೆ ನಂಗೆ, ಉಸಿರಲ್ಲಿ ಏನೋ ಗರಗರ ಅನ್ನುತ್ತೆ. ಅದು ಯಾಕೆ ಇದರಲ್ಲಿಲ್ಲ?"

"ಅದನ್ನ ನಾನೇ ತೆಗೆದೆ ಭಾವ" ಎಂದ ಸೂಜಿಕಿವಿ. ಹೇಳುವಾಗ ಇನ್ನೂ ಸ್ವಲ್ಪ ಹೆಮ್ಮೆಯೇ ಇತ್ತು.

ಭಾವ ಅವನ ಮುಖವನ್ನೇ ನೋಡಿದರು. "ನಿಂಗೆ ಕೇಳಿಸಿತ್ತಾ? ಡಾಕ್ಟರ ಹತ್ರ ಹೋಗೋಣ ಬಾರೇ ಅಂತ ತಿಂಗಳುಗಟ್ಟಲೆ ಕೇಳಿದೀನಿ ಕಣೋ. ಅವಳು ಏನಂದ್ಲು ಗೊತ್ತಾ? ನಮ್ಮ ತಮ್ಮ ವಾರ ವಾರ ನನ್ನ ಉಸಿರನ್ನ ಕಿವಿಗೆ ಹಾಕ್ಕೊಂಡು ಕೇಳ್ತಾನೆ, ಏನಾದ್ರೂ ಇದ್ರೆ ಅವನು ಹೇಳ್ತಿರ್ಲಿಲ್ವಾ ಅಂದ್ಲು." ಒಳಗಿನ ಕೋಣೆಯ ಕಡೆ ಕೈ ತೋರಿಸಿದರು. "ಎಂಜಿನ್ ಸದ್ದು ಬದಲಾದ್ರೆ ಎಂಥ ಡ್ರೈವರಾದ್ರೂ ಗಾಡಿ ನಿಲ್ಲಿಸ್ತಾನಲ್ಲೋ."

ಸೂಜಿಕಿವಿ ಪ್ಲೇಯರ್ ಆರಿಸಿದ. ಒಳಗಿನ ಕೋಣೆಯಿಂದ ಸಿಳ್ಳೆ ಕೇಳುತ್ತಿತ್ತು, ಈಗ ಮೈಕೂ ಬೇಕಿರಲಿಲ್ಲ.

ಮರುದಿನ ಬೆಳಗ್ಗೆ ಮೂವರೂ ಆಸ್ಪತ್ರೆಯಲ್ಲಿದ್ದರು. ಡಾಕ್ಟರಮ್ಮ ಸ್ಟೆಥಾಸ್ಕೋಪನ್ನು ಅಕ್ಕನ ಬೆನ್ನಿನ ಒಂದೇ ಜಾಗದಲ್ಲಿ ಬಹಳ ಹೊತ್ತು ಒತ್ತಿ ಹಿಡಿದರು. ಎಕ್ಸ್‌ರೇ ತರಿಸಿ ಬೆಳಕಿಗೆ ಹಿಡಿದರು. ಅದೇ ಜಾಗವನ್ನು ಮತ್ತೊಮ್ಮೆ ಕೇಳಿದರು.

"ಈ ಸದ್ದು ಯಾವಾಗಿಂದ ಇದೆ?"

"ನಂಗೆ ಗೊತ್ತಾಗಲ್ಲಮ್ಮ" ಎಂದಳು ಅಕ್ಕ. ಗೊತ್ತಿಲ್ಲದ್ದನ್ನೆಲ್ಲ ಅವನನ್ನೇ ಕೇಳುವ ಅಭ್ಯಾಸದಂತೆ ತಮ್ಮನ ಕಡೆ ತಿರುಗಿದಳು.

ಅವನು ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಒಂದೊಂದೇ ಪುಟ ತಿರುವಿದರು. ತಾರೀಕು, ನಿಮಿಷ, ಸೆಕೆಂಡು. ಉಸಿರಿನ ತುದಿಯಲ್ಲಿ ಸಿಳ್ಳೆ. ಸಿಳ್ಳೆ, ಉದ್ದ. ಸಿಳ್ಳೆ, ಕೆಮ್ಮು. ಇಷ್ಟು ಚೆನ್ನಾಗಿ ಬರೆದಿಟ್ಟ ರೋಗಿಯ ಚರಿತ್ರೆಯನ್ನು ಅವರು ಎಂದೂ ನೋಡಿರಲಿಕ್ಕಿಲ್ಲ.

"ಪ್ರತಿ ಸಾಲಿನ ಕೊನೆಗೂ ತೆಗೆದಿದೆ ಅಂತ ಬರೆದಿದೀರಲ್ಲ, ಏನು ತೆಗೆದಿದ್ದು?"

ಅಕ್ಕನೇ ಹೇಳಿದಳು, ಎರಡು ಕಡೆ ಉಸಿರಿಗೆ ನಿಂತು, "ನಮ್ಮ ತಮ್ಮನ ಕಿವಿ ಹಾಗೆ ಡಾಕ್ಟರಮ್ಮ. ಅವನ ಕಿವಿಗೆ ಒಂದೂ ತಪ್ಪಿ ಹೋಗಲ್ಲ."

ಡಾಕ್ಟರಮ್ಮ ಮೊದಲ ಸಿಳ್ಳೆ ಬರೆದಿದ್ದ ಪುಟಕ್ಕೆ ವಾಪಸು ಹೋಗಿ ಆ ತಾರೀಕಿನ ಮೇಲೆ ಬೆರಳಿಟ್ಟರು. ಆಮೇಲೆ ಭಾವ ಒಬ್ಬರನ್ನೇ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ದಪ್ಪ ಬಾಗಿಲು, ಅಕ್ಕನಿಗೆ ಏನೂ ಕೇಳಿಸಲಿಲ್ಲ. ಸೂಜಿಕಿವಿಗೆ ಒಂದೊಂದು ಮಾತೂ ಕೇಳಿಸಿತು.