ಕೋಬೆಯ ಪಾಲಿಗೆ ತೀರಿಹೋದವರು

ನಮ್ಮವರು ಜಪಾನನ್ನು ಎಂದೂ ಕಂಡವರಲ್ಲ. ಆದರೆ ಜಪಾನಿನ ಬಗ್ಗೆ ಅವರಿಗೆ ತಿಳಿಯದ ಸಂಗತಿಯೇ ಇರಲಿಲ್ಲ, ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಪುಣೆಯ ಬುಧವಾರ ಪೇಠೆಯಲ್ಲಿ ನಮ್ಮದು ಜಪಾನಿ ಪಿಂಗಾಣಿಯ ಅಂಗಡಿ. ಕೆಳಗೆ ಕಪ್‌-ಬಶಿ, ಹೂದಾನಿ, ಚಹಾದ ಕಿಟಲಿಗಳು, ಮೇಲೆ ಮನೆ. ಧಾರವಾಡದಿಂದ ಬಂದ ನನ್ನ ಮಾವನವರು ಅದೇ ಅಂಗಡಿಯಲ್ಲಿ ಹಿತ್ತಾಳೆ ಪಾತ್ರೆ ಮಾರುತ್ತಿದ್ದರು. ಅವರ ಮಗನಿಗೆ, ಅಂದರೆ ನಮ್ಮವರಿಗೆ, ಸಣ್ಣಂದಿನಿಂದ ಜಪಾನಿನ ಹುಚ್ಚು. ಆ ಪುಟ್ಟ ದೇಶ ರಶಿಯಾವನ್ನು ಸೋಲಿಸಿದ ಸುದ್ದಿ ಬಂದಾಗ ಓಣಿಯಲ್ಲಿ ಯಾರೋ ಸಕ್ಕರೆ ಹಂಚಿದರಂತೆ. ಆ ಸಕ್ಕರೆಯ ರುಚಿ ಇವರ ನಾಲಿಗೆ ಬಿಟ್ಟು ಹೋಗಲೇ ಇಲ್ಲ.

ನಮ್ಮ ಮಾಲು ಬರುತ್ತಿದ್ದದ್ದು ಜಪಾನಿನ ಕೋಬೆ ಎಂಬ ಊರಿನ ಕಂಪನಿಯಿಂದ, ಮುಂಬಯಿಯಲ್ಲಿ ಅದರ ಏಜಂಟನೊಬ್ಬನಿದ್ದ. ನಡುವಯಸ್ಸಿನ, ಬೆಳ್ಳಿ ಚೌಕಟ್ಟಿನ ಕನ್ನಡಕದ ಜಪಾನಿ. ವರ್ಷಕ್ಕೆರಡು ಸಲ ಪುಣೆಗೆ ಬರುತ್ತಿದ್ದ. ಅವನು ಬಂದು ಹೋದಾಗಲೆಲ್ಲ ನಮ್ಮ ಮನೆಗೆ ಹೊಸ ಶಾಸ್ತ್ರವೊಂದು ಸೇರಿಕೊಳ್ಳುತ್ತಿತ್ತು. ಗಿರಾಕಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಬೇಕು. ಏನು ಕೊಟ್ಟರೂ ಎರಡೂ ಕೈಯಿಂದ ಕೊಡಬೇಕು. ಹಾಲು ಸಕ್ಕರೆ ಇಲ್ಲದ ಹಸಿರು ಚಹಾ ಕುಡಿಯಬೇಕು. ಆ ಚಹಾವನ್ನು ನಮ್ಮ ಅತ್ತೆ ನೆಗಡಿ ಬಂದವರಿಗೆ ಕಷಾಯ ಅಂತ ಕೊಟ್ಟುಬಿಡುತ್ತಿದ್ದರು. ದೇಶ ಸುತ್ತು ಇಲ್ಲವೇ ಕೋಶ ಓದು ಅನ್ನುತ್ತಾರೆ. ಇವರು ದೇಶ ಸುತ್ತಲಿಲ್ಲ, ಕೋಶವನ್ನೂ ಅರ್ಧವೇ ಓದಿದರು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಇವರಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಅಂದರೆ ಕಪಾಟಿನ ಕಪ್ಪುಗಳು ಗಡಗಡ ಅನ್ನುವ ಹಾಗೆ ಕೂಗುವ ಸಿಟ್ಟು.

ಒಂದು ಸಲ ಕೋಬೆಯ ಯಜಮಾನ ಇವರಿಗೆ ನೀಲಿ ರೇಷ್ಮೆಯ ನಿಲುವಂಗಿಯೊಂದನ್ನು ಕಳಿಸಿದ. ವ್ಯಾಪಾರದಲ್ಲಿ ನಂಬಿಕೆ ಕುದುರಿತು ಎಂಬುದಕ್ಕೆ ಗುರುತು. ಇವರ ಸಂಭ್ರಮ ಹೇಳತೀರದು. ಅದನ್ನು ತೊಟ್ಟು ಕ್ಯಾಂಪಿನ ಸ್ಟುಡಿಯೊಕ್ಕೆ ಹೋಗಿ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಜಪಾನಿಯರು ಹಲ್ಲು ತೋರಿಸುವುದಿಲ್ಲ ಎಂದು ತುಟಿ ಬಿಗಿದಿದ್ದರು, ಕಣ್ಣು ಅರ್ಧ ಮುಚ್ಚಿದ್ದರು. ಜಪಾನಿಯರಿಗೆ ಕರಿ ಅರಗಿನ ಕೆಲಸ ಇಷ್ಟ ಎಂದು ಕರಿ ಚೌಕಟ್ಟು ಹಾಕಿಸಿದರು. ಒಂದು ಪ್ರತಿ ನಮ್ಮ ಪಡಸಾಲೆಯ ಗೋಡೆಗೆ, ಇನ್ನೊಂದು ಕೋಬೆಗೆ. ಜೊತೆಗೆ ಒಂದು ಸಾಲು ಬರೆಯಿರಿ ಎಂದರೆ ಕೇಳಲಿಲ್ಲ.

"ಅವರು ಮಾತಿಗಿಂತ ಮೌನಕ್ಕ ಭಾಳ ಬೆಲಿ ಕೊಡ್ತಾರ. ನಿನಗ ತಿಳಿಯೂದಿಲ್ಲ ಬಿಡು" ಎಂದರು.

ಕೆಲವು ತಿಂಗಳು ಕಳೆದು ಮಳೆಗಾಲ ಬಂತು. ಪುಣೆಯ ಹತ್ತಿರದ ಭೋರ್ ಊರಿನ ಸರದಾರರೊಬ್ಬರ ಮನೆಗೆ ಕಪ್‌-ಬಶಿಯ ಪೆಟ್ಟಿಗೆ ತಲುಪಿಸಲು ಇವರೇ ಹೋಗಿದ್ದರು. ಸಂಜೆಗೆ ಬರಬೇಕಾದವರು ಬರಲಿಲ್ಲ. ಹಾದಿಯಲ್ಲಿ ಹೊಳೆ ತುಂಬಿದೆ, ಮೋಟಾರು ನಿಂತಿವೆ ಎಂದು ಮಂಡಿಯವರು ಹೇಳಿದರು. ಮರುದಿನ ಮಧ್ಯಾಹ್ನ ನಾನು ಮತ್ತು ಅತ್ತೆ ಊಟಕ್ಕೆ ಏಳಲೋ ಬೇಡವೋ ಎಂದು ಕೂತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಂದವನು ಏಜಂಟ. ಬರುತ್ತೇನೆಂದು ಮೊದಲೇ ತಿಳಿಸದೆ ಅವನು ಎಂದೂ ಬಂದವನಲ್ಲ. ಅಂದು ಮೈತುಂಬ ಕರಿ ಬಟ್ಟೆ. ಬೂಟು ಬಿಚ್ಚಿದ, ಒಳಗೆ ಬಂದ, ನಮ್ಮಿಬ್ಬರ ಮುಂದೆ ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿದ. ಎಷ್ಟೋ ಹೊತ್ತು ಏಳಲೇ ಇಲ್ಲ.

ಅವನು ಕರಿ-ಬಿಳಿ ದಾರ ಸುತ್ತಿದ ಪೊಟ್ಟಣವೊಂದನ್ನು ಎರಡೂ ಕೈಯಿಂದ ಮುಂದಿಟ್ಟು, "ಸೇಠಜಿ ಗಯೇ. ಬಹುತ್ ದುಃಖ್, ಬಾಯಿ" ಎಂದ.

ಸೇಠಜಿ ಅಂದರೆ ನಮ್ಮವರು, ಹೋದರು ಅನ್ನುತ್ತಾನೆ. ಹೊಳೆ! ನನಗೆ ಹೊಳೆದದ್ದು ಅದೊಂದೇ. ಮುಂಬಯಿಯವನಿಗೆ ಮೊದಲು ಹೇಗೆ ಗೊತ್ತಾಯಿತು ಎಂದು ಕೇಳುವಷ್ಟು ಬುದ್ಧಿ ಯಾರಿಗಿತ್ತು? ಅತ್ತೆ ಒಂದು ಸಲ "ಅಯ್ಯೋ ನನ್ನಪ್ಪಾ" ಎಂದವರು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತರು. ಅವನು ಎದ್ದು ಗೋಡೆಯ ಫೋಟೋದ ಮುಂದೆ ನಿಂತು ಬಗ್ಗಿದ. ಪೊಟ್ಟಣದಿಂದ ಊದಿನಕಡ್ಡಿ ತೆಗೆದು ಹಚ್ಚಿದ. ಕಸಬರಿಗೆಯ ಕಡ್ಡಿಯಷ್ಟು ಸಣ್ಣದು, ಒಳಗೆ ಬಿದಿರಿನ ಕಡ್ಡಿಯೇ ಇಲ್ಲ. ನಮ್ಮದು ಉರಿದರೆ ಕೊನೆಗೆ ಹಿಡಿಯಾದರೂ ಉಳಿಯುತ್ತದೆ, ಅದು ಬುಡದವರೆಗೂ ಬೂದಿಯಾಗುತ್ತಿತ್ತು. ನನಗೆ ಅಳು ಬರಲಿಲ್ಲ. ಹೊಗೆಯ ಹಿಂದೆ ಅರೆಗಣ್ಣು ಬಿಟ್ಟು ಕೂತ ಆ ಮುಖ ಎಂದೋ ಸತ್ತವರ ಮುಖದಂತೆ ಕಂಡಿತು. ಇಷ್ಟು ದಿನ ಅದರ ಕೆಳಗೇ ಕೂತು ಕಾಯಿಪಲ್ಲೆ ಹೆಚ್ಚಿದ್ದೆನಲ್ಲ, ನನಗೇಕೆ ತಿಳಿಯಲಿಲ್ಲ ಅನ್ನಿಸಿತು.

ಎರಡನೆಯ ಕಡ್ಡಿ ಉರಿಯುತ್ತಿದ್ದಾಗ ನಮ್ಮವರು ಕೊಡೆ ಮಡಿಚುತ್ತ ಬಾಗಿಲಲ್ಲಿ ನಿಂತರು.

ಏಜಂಟ ಕೂಗಲಿಲ್ಲ. ಮೊಣಕಾಲ ಮೇಲೇ ಹಿಂದೆ ಸರಿದು, ಮುಖ ನೋಡದೆ, ಇವರ ಪಾದಗಳನ್ನು ನೋಡಿದ. ಅತ್ತೆಯೂ ಪಾದಗಳನ್ನೇ ನೋಡಿದರು. ಆಮೇಲೆ ತಿಳಿದದ್ದು, ಜಪಾನಿನ ದೆವ್ವಕ್ಕೆ ಪಾದವೇ ಇರುವುದಿಲ್ಲವಂತೆ. ನಮ್ಮ ದೆವ್ವಕ್ಕೆ ಪಾದ ಹಿಂದುಮುಂದು. ಇವರ ಪಾದಗಳು ಇದ್ದವು, ಮುಂದಕ್ಕೇ ಇದ್ದವು, ಮೀನಗಂಡದವರೆಗೆ ಕೆಸರು ಮೆತ್ತಿತ್ತು. ಅತ್ತೆ ಎದ್ದು ಹೋಗಿ ಆ ಕೆಸರನ್ನು ಕೈಯಿಂದ ಮುಟ್ಟಿ ನೋಡಿದರು. ಇವರು ಗೋಡೆಯ ಹೊಗೆಯನ್ನು ನೋಡಿ, "ಯಾರು ಹೋದ್ರು?" ಎಂದರು.

ನಿಧಾನಕ್ಕೆ ಎಲ್ಲ ಹೊರಗೆ ಬಂತು. ತಪ್ಪು ನಿಲುವಂಗಿಯದು. ಜಪಾನಿನಲ್ಲಿ ಬದುಕಿದವರು ಎಡಸೆರಗನ್ನು ಮೇಲೆ ತಂದು ತೊಡುತ್ತಾರೆ. ಬಲಸೆರಗನ್ನು ಮೇಲೆ ತರುವುದು ಹೆಣಕ್ಕೆ ಮಾತ್ರ. ನಮ್ಮ ಮನೆಯಲ್ಲಿ ಗಂಡಸರು ಕಸೆ ಕಟ್ಟುವ ಬಾರಾಬಂದಿ ಅಂಗಿ ತೊಟ್ಟರೆ ಬಲಸೆರಗನ್ನೇ ಮೇಲೆ ತಂದು ಎಡಗಡೆ ಕಸೆ ಕಟ್ಟಬೇಕು. ಬಲಗಡೆ ಕಟ್ಟುವುದು ಮೊಗಲರ ಪದ್ಧತಿ ಎಂದು ಮಾವನವರು ಕಲಿಸಿದ್ದರು. ಕೈಗೆ ಅಭ್ಯಾಸವಾದದ್ದನ್ನು ಇವರು ಮಾಡಿದರು. ಮೇಲೆ ಕರಿ ಚೌಕಟ್ಟು, ಅರೆಮುಚ್ಚಿದ ಕಣ್ಣು, ಜೊತೆಗೆ ಒಂದೂ ಮಾತಿಲ್ಲ. ಇದು ಸಾವಿನ ಸುದ್ದಿಯೇ ಎಂದುಕೊಂಡು ಕೋಬೆಯವರು ಏಜಂಟನ ಕೈಯಲ್ಲಿ ಧೂಪ ಕಳಿಸಿದ್ದರು. ಹಿಂದುಸ್ತಾನದಲ್ಲಿ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಾರೆ ಎಂದು ಕೋಬೆಯ ಯಜಮಾನ ಎಲ್ಲೋ ಓದಿದ್ದನಂತೆ. ಅದೇನು ಸುಳ್ಳಲ್ಲ, ನಮ್ಮ ಓಣಿಯಲ್ಲೇ ತೆಗೆಸಿದ್ದರು. ಇವರು ಅವನ ದೇಶವನ್ನು ಅರಿತಷ್ಟೇ ಚೆನ್ನಾಗಿ ಅವನೂ ನಮ್ಮ ದೇಶವನ್ನು ಅರಿತಿದ್ದ.

ನಗು ಬರಬೇಕಾದ ಸಂಗತಿ. ಆದರೆ ಏಜಂಟ ನಗಲಿಲ್ಲ. ಮತ್ತೆ ಹಣೆ ನೆಲಕ್ಕೆ ಹಚ್ಚಿ ಮುರುಕು ಹಿಂದುಸ್ತಾನಿಯಲ್ಲಿ ಬೇಡಿಕೊಂಡ. ಕೋಬೆಯ ಯಜಮಾನರು ಮುದುಕರು. ತಮ್ಮ ಮನೆಯ ದೇವರ ಗೂಡಿನಲ್ಲಿ ಸೇಠಜಿಯ ಫೋಟೋ ಇಟ್ಟು ದಿನಾ ಬೆಳಿಗ್ಗೆ ಅನ್ನ ಇಡುತ್ತಿದ್ದಾರೆ, ಅತ್ತಿದ್ದಾರೆ. ಬದುಕಿರುವವನ ಮನೆಗೆ ಸಾವಿನ ಧೂಪ ಕಳಿಸಿದೆ ಎಂದು ತಿಳಿದರೆ ಆ ನಾಚಿಕೆಯಿಂದ ಏಳಲಾರರು. ಸೇಠಜಿ ಕೋಬೆಯ ಪಾಲಿಗೆ ತೀರಿಹೋದವರಾಗಿಯೇ ಇರಲಿ. ಇನ್ನು ಮುಂದೆ ಅಂಗಡಿಯ ಪತ್ರಗಳಿಗೆ ಬಾಯಿಯವರು, ಅಂದರೆ ನಾನು, ಸಹಿ ಮಾಡಲಿ, ವಿಧವೆ ಎಂದು.

ನಾನು ಪರಪುರುಷರ ಮುಂದೆ ಮಾತಾಡುತ್ತಿರಲಿಲ್ಲ, ಅಂದು ಮಾತಾಡಿದೆ. ಹಣೆಯಲ್ಲಿ ಕುಂಕುಮ ಇಟ್ಟುಕೊಂಡು, ಗಂಡನನ್ನು ಎದುರಿಗೆ ಕೂರಿಸಿಕೊಂಡು, ವಿಧವೆ ಎಂದು ಸಹಿ ಮಾಡಲೇ? ಬರೆದದ್ದು ನಿಜವಾದರೆ? "ಸುಟ್ಟು ಹಾಕ್ರಿ ಆ ಕಪ್‌-ಬಶಿ, ತಿರುಗಿ ಹಿತ್ತಾಳಿ ಮಾರೂಣು" ಎಂದೆ.

ಸಮಾಧಾನ ಹೇಳಿದವರು ಅತ್ತೆ. "ಹುಚ್ಚಿ, ಸುಳ್ಳು ಸಾವಿಗೆ ಅತ್ತರ ಆಯುಷ್ಯ ಹೆಚ್ಚಾಗತದ. ಕಾಗಿ ತಲಿ ಮುಟ್ಟಿದರ ಕೇಡು ಕಳೀಲಂತ ನಾವ ಸುಳ್ಳು ಸುದ್ದಿ ಕಳಸಿ ಮಂದೀನ್ನ ಅಳಸೂದಿಲ್ಲೇನು? ಅಳಲಿ ಬಿಡು. ಅವರು ಅತ್ತಷ್ಟು ದಿನಾ ನನ್ನ ಮಗ ಬದಕ್ತಾನ."

ಇವರು ಗೋಡೆಯ ಕಡೆ ನೋಡುತ್ತ, "ಕಾಣದ ಮುದುಕ ನನಗಾಗಿ ಅತ್ತಾನ. ಆ ಕಣ್ಣೀರು ಸುಳ್ಳಂತ ಹೆಂಗ ಹೇಳ್ಲಿ?" ಎಂದರು. ಇವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಒಪ್ಪಿದೆ, ಆದರೆ ನನ್ನ ರೀತಿಯಲ್ಲಿ. ಅಂಗಡಿಯ ಪತ್ರಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದವನು ನನ್ನ ಮೈದುನ, ಅವನು ಏನಾದರೂ ಬರೆದುಕೊಳ್ಳಲಿ. ಕೆಳಗೆ ನನ್ನ ಹೆಸರನ್ನು ಕನ್ನಡದಲ್ಲಿ ಬರೆದು, ಹೆಸರಿನ ಮುಂದೆ ಮುತ್ತೈದೆಯರು ಬರೆದುಕೊಳ್ಳುವ 'ಸೌ.' ಎಂಬುದನ್ನು ದೊಡ್ಡದಾಗಿ ಬರೆದೆ. ಸೌಭಾಗ್ಯವತಿ. ಗಂಡ ಸತ್ತವರಾದರೆ 'ಗಂ. ಭಾ.' ಎಂದು ಬರೆಯಬೇಕು, ಗಂಗಾಭಾಗೀರಥಿ. ಕೋಬೆಯಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ. ದೇವರಿಗೆ ಕನ್ನಡ ಬರುತ್ತದೆ, ಅಷ್ಟು ಸಾಕು ಎಂದುಕೊಂಡೆ.

ಆಮೇಲೆ ಪ್ರತಿ ಮಳೆಗಾಲಕ್ಕೂ ಕೋಬೆಯಿಂದ ಊದಿನಕಡ್ಡಿಯ ಪೊಟ್ಟಣ ಬರುತ್ತಿತ್ತು, ಜೊತೆಗೊಂದು ಪತ್ರ. ಪತ್ರದಲ್ಲಿ ತೀರಿಹೋದ ಸೇಠರ ಗುಣಗಾನ. ಎಂಥ ಶಾಂತ ಸ್ವಭಾವ, ಎಂಥ ತಾಳ್ಮೆ, ಕೂಲಿಯವನಿಗೂ ಎಂಥ ಮರ್ಯಾದೆ. ನಾನು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದೆ. ಇವರು ನಗುತ್ತಿರಲಿಲ್ಲ. ಮೈದುನನಿಗೆ ಇನ್ನೊಮ್ಮೆ ಓದಲು ಹೇಳುತ್ತಿದ್ದರು. ತಾವೇ ಕಡ್ಡಿ ಹಚ್ಚಿ, ತಮ್ಮ ಫೋಟೋದ ಮುಂದೆ ಕೂತು, ಅದು ಬೂದಿಯಾಗುವವರೆಗೆ ನೋಡುತ್ತಿದ್ದರು. ನಾನು ಅಡಿಗೆಮನೆಗೆ ಹೋಗಿಬಿಡುತ್ತಿದ್ದೆ.

ಬರಬರುತ್ತ ನಗು ನಿಂತಿತು. ಇವರು ಕೂಗುವುದನ್ನು ಬಿಟ್ಟಿದ್ದರು. ಹಮಾಲ ಪೆಟ್ಟಿಗೆ ಕೆಡವಿ ಹೂದಾನಿ ಒಡೆದಾಗ ಅವನ ಕೈಗೆ ಚೂರು ಚುಚ್ಚಿತೇನೋ ಎಂದು ನೋಡಿದರು. ಓಣಿಯವರು ಹೊಗಳಿದರು, ನಿನ್ನ ಪುಣ್ಯ ಎಂದರು. ನನಗೆ ಮಾತ್ರ ಭಯ. ಪತ್ರದಲ್ಲಿದ್ದ ಆ ಸತ್ತ ಮನುಷ್ಯ ನಮ್ಮವರಿಗಿಂತ ಒಳ್ಳೆಯವನು, ವರ್ಷಕ್ಕೊಂದಿಷ್ಟು ಇವರೊಳಗೆ ಬಂದು ಕೂರುತ್ತಿದ್ದ. ಬೇಕೆಂದೇ ಸಾರಿಗೆ ಉಪ್ಪು ಹೆಚ್ಚು ಹಾಕಿ ನೋಡಿದೆ. "ಇರ್ಲಿ ಬಿಡು" ಎಂದು ಉಂಡು ಎದ್ದರು. ನನಗೆ ನನ್ನ ಸಿಟ್ಟಿನ ಗಂಡ ಬೇಕಾಗಿದ್ದ. ಬದುಕಿದ್ದ ಮನುಷ್ಯನನ್ನು ಎದುರಿಗಿಟ್ಟುಕೊಂಡು ಅವನಿಗಾಗಿ ಹಂಬಲಿಸುವುದು ಎಂಥ ಕಷ್ಟ ಎಂದು ಯಾರಿಗೆ ಹೇಳಲಿ?

ಜಪಾನ ಯುದ್ಧಕ್ಕಿಳಿದಾಗ ಏಜಂಟನನ್ನು ಸರಕಾರದವರು ಎಲ್ಲಿಗೋ ಒಯ್ದರು ಎಂದು ಸುದ್ದಿ ಬಂತು. ಅವನು ಮತ್ತೆ ಕಾಣಲಿಲ್ಲ. ಮುಂದಿನ ಮಳೆಗಾಲಕ್ಕೆ ಪೊಟ್ಟಣ ಬರಲಿಲ್ಲ. ಪೀಡೆ ತೊಲಗಿತು ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅತ್ತೆ ಮಾತ್ರ ಹಾಸಿಗೆಯಲ್ಲಿ ಮಲಗಿದಲ್ಲಿಂದಲೇ, "ಅಳಾವರು ಅಳೂದು ಬಿಟ್ಟರಲ್ಲವಾ" ಎಂದರು. ಆ ಮಾತಿಗೆ ಅವರ ಮೇಲೆ ರೇಗಿದೆ.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಇವರು ಚಹಾ ಕುಡಿದು, ಬೆನ್ನು ನೋಯುತ್ತದೆ ಎಂದು ಗೋಡೆಗೆ ಒರಗಿದರು. ಕಪ್ಪು ತೆಗೆದುಕೊಂಡು ಹೋಗಲು ಬಂದ ನಾನು ಎರಡು ಸಲ ಕರೆದೆ. ಏಳಲಿಲ್ಲ. ಕಾಕತಾಳೀಯ ಎಂದ ಮೈದುನ. ಇರಬಹುದು. ಅಂದು ನಾನು ಓಣಿಗೆ ಕೇಳುವ ಹಾಗೆ ಅತ್ತುಬಿಟ್ಟೆ.

ಯುದ್ಧ ಮುಗಿದು ಅಂಚೆ ಮತ್ತೆ ಶುರುವಾದ ಮೇಲೆ ಕೋಬೆಯಿಂದ ಒಂದು ಪತ್ರ ಬಂತು. ಬರೆದವನು ಯಜಮಾನನ ಮಗ. ಊರು ಸುಟ್ಟುಹೋಯಿತು, ತಂದೆ ಅದರಲ್ಲೇ ಹೋದರು, ಇಷ್ಟು ವರ್ಷ ತಮ್ಮ ಪತಿಗೆ ಧೂಪ ಕಳಿಸಲಾಗಲಿಲ್ಲ, ಕ್ಷಮಿಸಬೇಕು. ಕೊನೆಗೆ ಹೀಗೆ ಬರೆದಿದ್ದ: ತಾವು ಪತಿಯನ್ನು ಕಳೆದುಕೊಂಡು ಬಹಳ ಕಾಲವಾಯಿತು, ಆ ದುಃಖ ಈಗ ಹಳತಾಗಿ ಹಗುರಾಗಿರಬೇಕು, ತಂದೆಯನ್ನು ಕಳೆದುಕೊಂಡ ನನಗೆ ಅದು ಹೇಗೆ ಹಗುರಾಗುತ್ತದೆ ಎಂದು ತಿಳಿಸುವಿರಾ?

ನನ್ನ ದುಃಖ ಇನ್ನೂ ಹಸಿಯಾಗಿತ್ತು. ಆದರೆ ಅದನ್ನು ಹೇಳುವ ಬಾಯಿ ನನಗಿರಲಿಲ್ಲ. ಕೋಬೆಯಲ್ಲಿ ಇವರಿಗಾಗಿ ಅಳಬೇಕಾದವರು ಮೊದಲೇ ಅತ್ತು ಮುಗಿಸಿದ್ದರು. ಹಗುರಾಗುತ್ತದೆ ಮಗಾ, ತಡವಾಗುತ್ತದೆ ಅಷ್ಟೇ, ಎಂದು ಮೈದುನನ ಕೈಲಿ ಬರೆಸಿದೆ. ಸಹಿಗೆ ಲೇಖಣಿ ತೆಗೆದುಕೊಂಡಾಗ ಕೈ ತಾನಾಗಿಯೇ 'ಸೌ.' ಎಂದು ಬರೆದುಬಿಟ್ಟಿತು. ಮೈದುನ ನೋಡಿದ. ಹಾಗೇ ಬಿಟ್ಟಿದ್ದರೂ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ಗಂ. ಭಾ.' ಎಂದು ಬರೆದೆ.