ಡ್ರಮ್ಮು ಸುತ್ತಲು ಕಲಿತದ್ದು

ನನಗೆ ಕುದುರೆ ಸವಾರಿ ಚೆನ್ನಾಗಿ ಬರುತ್ತದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಬೆಂಗಳೂರಿನಲ್ಲಿ ಮೆಡಿಕಲ್ ಓದುವಾಗ ನಿವೃತ್ತ ಸೇನಾಧಿಕಾರಿಯೊಬ್ಬರ ಬಳಿ ಸವಾರಿ ಕಲಿತಿದ್ದೆ. ಅವರ ಪ್ರಕಾರ ಸವಾರಿ ಎಂದರೆ ಬೆನ್ನು ನೆಟ್ಟಗಿಟ್ಟುಕೊಂಡು ಕೂರುವುದು. ಕುದುರೆ ಎಲ್ಲಿಗೆ ಹೋದರೂ ಅವರ ಅಭ್ಯಂತರವಿರಲಿಲ್ಲ, ಬೆನ್ನು ಮಾತ್ರ ಬಾಗಬಾರದು. ಎಪ್ಪತ್ತರ ದಶಕದ ನಡುವೆ ಗಂಡನೊಡನೆ ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದು ಅಲ್ಲಿನ ಸ್ಯಾಲಿಸ್‌ಬರಿಯ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕೆ ಸೇರಿದಾಗ ಆ ನೆಟ್ಟನೆಯ ಬೆನ್ನೂ ನನ್ನ ಜೊತೆಗೇ ಬಂತು. ಭಾನುವಾರ ಊರಾಚೆಯ ಫಾರ್ಮಿಗೆ ಹೋಗಿ, ಬಾಡಿಗೆ ಕುದುರೆ ಹತ್ತಿ, ಮುಂದಿನ ಕುದುರೆಯ ಬಾಲ ನೋಡುತ್ತ ಗುಡ್ಡದ ದಾರಿಯಲ್ಲಿ ಸುತ್ತಾಡಿ ಬರುತ್ತಿದ್ದೆ. ಆ ಕುದುರೆಗಳಿಗೆ ದಾರಿ, ತಿರುವು, ಮನೆಗೆ ಮರಳುವ ಹೊತ್ತು ಎಲ್ಲವೂ ಬಾಯಿಪಾಠ. ಮೇಲೆ ನಾನಿಲ್ಲದಿದ್ದರೂ ಅವು ಹೋಗಿ ಬರುತ್ತಿದ್ದವು. ಇದನ್ನು ನಾನು ಅನುಭವ ಎಂದು ಕರೆಯುತ್ತಿದ್ದೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಪರ್ತ್‌ಗೆ ಬಂದೆವು. ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ಕೆಲಸ. ನಾನು ಮಕ್ಕಳ ವಾರ್ಡಿನಲ್ಲಿ, ನನ್ನ ಗಂಡ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು. ಜನರ ಪ್ರಜ್ಞೆ ತಪ್ಪಿಸಿ ಮಲಗಿಸುವುದು ಅವರ ವೃತ್ತಿ. ಮನೆಯಲ್ಲಿ ಟ್ಯಾಕ್ಸ್ ಬಗ್ಗೆ ಮಾತನಾಡಿಯೂ ಅದೇ ಪರಿಣಾಮ ಉಂಟುಮಾಡಬಲ್ಲವರಾಗಿದ್ದರು. ಕುದುರೆ ಕಂಡರೆ ಅವರಿಗೆ ಆಗದು. ನಾನು ಸವಾರಿಗೆ ಹೋದರೆ ಕಾರಿನ ಕಿಟಕಿ ಏರಿಸಿಕೊಂಡು ಒಳಗೇ ಕೂತು ಪೇಪರ್ ಓದುತ್ತಿದ್ದರು.

ಆಸ್ಪತ್ರೆಗೆ ಸೂಪರಿಂಟೆಂಡೆಂಟ್ ಒಬ್ಬರಿದ್ದರು, ಆದರೆ ಅದನ್ನು ನಡೆಸುತ್ತಿದ್ದವರು ಮೇಟ್ರನ್. ಐವತ್ತು ದಾಟಿದ ಎತ್ತರದ ಹೆಂಗಸು. ಅವರು ಕಾರಿಡಾರಿನಲ್ಲಿ ಬರುತ್ತಿದ್ದಾರೆಂದರೆ ಹಿರಿಯ ಸರ್ಜನ್ನುಗಳೂ ಜೇಬಿನಿಂದ ಕೈ ತೆಗೆಯುತ್ತಿದ್ದರು. ಸ್ವಾನ್ ವ್ಯಾಲಿಯಲ್ಲಿ, ದ್ರಾಕ್ಷಿ ತೋಟಗಳ ನಡುವೆ, ಅವರಿಗೆ ಒಂದಿಷ್ಟು ಜಮೀನು ಮತ್ತು ಕೆಲವು ಕುದುರೆಗಳಿದ್ದವು. ನಾನು ಜೀವನದಲ್ಲಿ ಮೊದಲ ಸಲ ಸ್ವಂತ ಕುದುರೆ ಕೊಂಡಾಗ ಅದನ್ನು ಅಲ್ಲೇ ಮೇಯಲು ಬಿಟ್ಟೆ. ಗಿಡ್ಡನೆಯ, ಅಗಲ ಎದೆಯ ಕಂದು ಕುದುರೆ ಅದು. ಮೊದಲು ದನಗಳ ಮಂದೆ ಅಟ್ಟುವ ಕೆಲಸದಲ್ಲಿತ್ತು. ಮಾರಿದವನು ‘ಬಹಳ ಸಾಧು’ ಎಂದಿದ್ದ. ಸಾಧುವೇ ಸರಿ, ಯಾರಾದರೂ ಅದಕ್ಕೆ ಹಳೆಯ ಕಸುಬನ್ನು ನೆನಪಿಸುವವರೆಗೆ.

ಒಂದು ಭಾನುವಾರ ನಾನು ಹೋದಾಗ ಮೇಟ್ರನ್ ತಮ್ಮ ಹೊಲದಲ್ಲಿ ಮೂರು ಖಾಲಿ ಎಣ್ಣೆ ಡ್ರಮ್ಮುಗಳನ್ನು ತ್ರಿಕೋನಾಕಾರದಲ್ಲಿ ಇಟ್ಟು ಕುದುರೆ ಓಡಿಸುತ್ತಿದ್ದರು. ಬ್ಯಾರೆಲ್ ರೇಸ್ ಎಂಬುದನ್ನು ನಾನು ಮೊದಲು ನೋಡಿದ್ದು ಹೀಗೆ. ಗೇಟಿನಿಂದ ನುಗ್ಗಿ ಬಂದು, ಒಂದು ಡ್ರಮ್ಮನ್ನು ಬಲಕ್ಕೆ ಸುತ್ತಿ, ಇನ್ನೆರಡನ್ನು ಎಡಕ್ಕೆ ಸುತ್ತಿ, ಮತ್ತೆ ಗೇಟಿಗೆ ಓಡುವುದು. ಡ್ರಮ್ಮು ಬಿದ್ದರೆ ಐದು ಸೆಕೆಂಡು ದಂಡ. ಬೇಗ ಮುಗಿಸಿದವರು ಗೆದ್ದಂತೆ. ಆಸ್ಪತ್ರೆಯಲ್ಲಿ ಯಾರಾದರೂ ಓಡಿದರೆ ಗದರಿಸುತ್ತಿದ್ದ ಹೆಂಗಸು ಇಲ್ಲಿ ಧೂಳೆಬ್ಬಿಸಿಕೊಂಡು ಕೂಗುತ್ತ ಹಾರುತ್ತಿದ್ದರು.

ನಾನು ಬೇಲಿಗೆ ಒರಗಿ ನೋಡಿದೆ. ನೋಡಿ ಸುಮ್ಮನಿರಬಹುದಿತ್ತು.

“ಇಷ್ಟೇನಾ? ಮೂರು ಡ್ರಮ್ ಸುತ್ತೋದು?” ಅಂದೆ.

ಮೇಟ್ರನ್ ಕುದುರೆ ನಿಲ್ಲಿಸಿದರು. “ಇಷ್ಟೇ ಡಾಕ್ಟರ್. ಬನ್ನಿ, ನೀವೂ ಒಂದು ರೌಂಡ್ ಹಾಕಿ. ಎಷ್ಟು ವರ್ಷದಿಂದ ರೈಡ್ ಮಾಡ್ತಿದೀರಿ ಅಂದ್ರಿ?”

“ಕಾಲೇಜಿಂದ.”

“ಹಾಗಾದ್ರೆ ನಿಧಾನವಾಗೇ ಹೋಗಿ ಅಂತ ಹೇಳಬೇಕಾಗಿಲ್ಲ ಅಲ್ವಾ?”

ಹೇಳಲಿಲ್ಲ. ನಾನೂ ನಿಧಾನವಾಗಿ ಹೋಗಲಿಲ್ಲ. ನೆಟ್ಟನೆಯ ಬೆನ್ನಿನೊಂದಿಗೆ ಕುದುರೆಯನ್ನು ಓಡಿಸಿದೆ. ಡ್ರಮ್ಮಿನತ್ತ ಓಡುವಾಗ ನನ್ನ ಸಾಧು ಕುದುರೆಗೆ ಹಳೆಯ ದಿನಗಳು ನೆನಪಾದವು. ಗುಂಪು ಬಿಟ್ಟು ಓಡುವ ಹೋರಿಗೆ ಅಡ್ಡ ಹಾಕುವಂತೆ ಅದು ಇದ್ದಲ್ಲೇ ಗಿರಕ್ಕನೆ ಬಲಕ್ಕೆ ತಿರುಗಿತು. ನಾನು ತಿರುಗಲಿಲ್ಲ. ನಾನು ಪರ್ತ್ ನಗರದ ದಿಕ್ಕಿನಲ್ಲಿ ನೇರವಾಗಿ ಪ್ರಯಾಣ ಮುಂದುವರಿಸಿದೆ. ಕುದುರೆ ತನ್ನಷ್ಟಕ್ಕೆ ಡ್ರಮ್ಮು ಸುತ್ತಿ ಬಂದು, ನೆಲದ ಮೇಲಿದ್ದ ನನ್ನನ್ನು ಮೂಸಿ ನೋಡಿತು.

ಹೆಗಲಿನ ಎಲುಬು ಬಿರುಕು ಬಿಟ್ಟಿತ್ತು. ನನ್ನದೇ ಆಸ್ಪತ್ರೆಗೆ, ಮೇಟ್ರನ್ನರ ಕುದುರೆ ಸಾಗಿಸುವ ವಾಹನದಲ್ಲೇ ಮೆರವಣಿಗೆ ಹೋದೆ. ಗಂಡ ಎಕ್ಸ್‌ರೇ ನೋಡಿದರು.

“ಆಪರೇಷನ್ ಬೇಕಾಗುತ್ತೇನ್ರೀ?” ಎಂದು ಕೇಳಿದೆ.

“ಬೇಡ, ಜೋಳಿಗೆ ಕಟ್ಟಿದ್ರೆ ಸಾಕು. ಅರಿವಳಿಕೇನೂ ಬೇಡ. ಅರಿವು ಇದ್ರೆ ತಾನೇ ಅಳಿಸೋದು?” ಅಂದರು. ಮದುವೆಯಾದಾಗಿನಿಂದ ಅವರು ಆಡಿದ ಚುರುಕಾದ ಮಾತು ಅದೊಂದೇ. ಅದಕ್ಕಾಗಿ ನನ್ನ ಮೂಳೆ ಮುರಿಯಬೇಕಾಯಿತು.

ಸರಿಯಾಗಿ ಅದೇ ಸಮಯಕ್ಕೆ ನಮ್ಮ ಅತ್ತೆ ಮೈಸೂರಿನಿಂದ ಬಂದಿಳಿದರು. ಆರು ತಿಂಗಳಿರಲು ಬಂದವರು, ವಿಮಾನ ನಿಲ್ದಾಣದಲ್ಲೇ ಕುತ್ತಿಗೆಗೆ ಕೈ ತೂಗುಹಾಕಿಕೊಂಡ ಸೊಸೆಯನ್ನು ಕಂಡರು. ಬಚ್ಚಲುಮನೆಯಲ್ಲಿ ಕಾಲು ಜಾರಿತು ಎಂದು ಅವರ ಮಗ ಹೇಳಿದರು. ನಾನೂ ತಲೆಯಾಡಿಸಿದೆ. ಅತ್ತೆ ಮನೆಗೆ ಬಂದವರೇ ಬಚ್ಚಲುಮನೆಯನ್ನು ಸೋಪುಪುಡಿ ಹಾಕಿ ಉಜ್ಜಿದರು.

ವಾರ ಕಳೆಯುವುದರೊಳಗೆ ಮೇಟ್ರನ್ ಒಂದು ಬುಟ್ಟಿ ದ್ರಾಕ್ಷಿ ಹಿಡಿದು ನನ್ನನ್ನು ನೋಡಲು ಬಂದರು. ಅತ್ತೆಗೆ ಇಂಗ್ಲಿಷ್ ಬಾರದು, ಮೇಟ್ರನ್‌ಗೆ ಕನ್ನಡ ಬಾರದು. ಅತ್ತೆ ನನ್ನ ಹೆಗಲು ತೋರಿಸಿ, ತಲೆ ಆಡಿಸಿ, ಲೊಚಗುಟ್ಟಿ ಮರುಕ ಸೂಚಿಸಿದರು. ಮೇಟ್ರನ್ ಅದನ್ನು ಪ್ರಶ್ನೆ ಎಂದುಕೊಂಡರು. ಎದ್ದು ನಿಂತು, ಎರಡೂ ಕೈಯಲ್ಲಿ ಇಲ್ಲದ ಲಗಾಮು ಹಿಡಿದು, ನಮ್ಮ ಸೋಫಾದ ಸುತ್ತ ಟಕಟಕ ಓಡಿ, ಟೀಪಾಯಿಯ ಬಳಿ ಬಂದಾಗ ಎರಡೂ ಕೈ ಎತ್ತಿ ಪಕ್ಕಕ್ಕೆ ಹಾರಿ ತೋರಿಸಿದರು. ಒಂದು ವಿವರವನ್ನೂ ಬಿಡಲಿಲ್ಲ. ಕುದುರೆ ಮೂಸಿದ್ದನ್ನೂ ಮಾಡಿದರು.

ಅವರು ಹೋದ ಮೇಲೆ ಅತ್ತೆ ದ್ರಾಕ್ಷಿ ತೊಳೆದು ತಂದಿಟ್ಟು ಮಗನ ಕಡೆ ತಿರುಗಿದರು.

“ಬಚ್ಚಲುಮನೇಲಿ ಕುದುರೆ ಕಟ್ಟಿದ್ರೇನೋ?”

ಗಂಡ ಪೇಪರ್ ಎತ್ತಿಕೊಂಡರು. ಅತ್ತೆ ನನ್ನ ಕಡೆ ನೋಡಿದರು. “ಮದುವೆಗೆ ಮುಂಚೆ ನಿಮ್ಮಪ್ಪ ಹೇಳಿದ್ರು, ಹುಡುಗಿಗೆ ಕುದುರೆ ಸವಾರಿ ಬರುತ್ತೆ ಅಂತ. ಬೀಳೋಕೂ ಬರುತ್ತೆ ಅಂತ ಹೇಳಿರ್ಲಿಲ್ಲ.”

ಅಷ್ಟೇ. ಬೈಗುಳಕ್ಕೆ ಸಿದ್ಧಳಾಗಿದ್ದ ನಾನು ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡೆ.

ಎಲುಬು ಕೂಡಿದ ಮೇಲೆ ಮೇಟ್ರನ್ ಬಳಿ ಹೋಗಿ ಕಲಿಸಿಕೊಡಿ ಎಂದು ಕೇಳಿದೆ. ಕೇಳಲು ಬಹಳ ಕಷ್ಟವಾಯಿತು. ಅವರು ಅದನ್ನು ಸುಲಭಗೊಳಿಸಲು ಯಾವ ಪ್ರಯತ್ನವನ್ನೂ ಮಾಡಲಿಲ್ಲ. “ಸಂಡೇ ಮಧ್ಯಾಹ್ನ ಬನ್ನಿ, ಊಟ ಮುಗಿಸಿಕೊಂಡು,” ಎಂದರು.

ಮೊದಲ ಪಾಠ ನಡಿಗೆ. ಕುದುರೆಯ ನಡಿಗೆ, ಓಟವಲ್ಲ. ಎರಡನೆಯದೂ ಅದೇ. ವಾರಗಟ್ಟಲೆ ನಾನು ಮೂರು ಡ್ರಮ್ಮುಗಳ ಸುತ್ತ ಎಮ್ಮೆ ಮೇಯಿಸುವವಳಂತೆ ಕುದುರೆಗೆ ಹೆಜ್ಜೆ ಹಾಕಿಸಿದೆ. ಪಕ್ಕದ ತೋಟಕ್ಕೆ ವೈನ್ ಕುಡಿಯಲು ಬಂದವರು ಬೇಲಿಯ ಬಳಿ ನಿಂತು ಕೈಬೀಸುತ್ತಿದ್ದರು.

“ಡ್ರಮ್ ನೋಡ್ಬೇಡಿ ಡಾಕ್ಟರ್! ಅದೇನು ಓಡಿಹೋಗಲ್ಲ. ಮುಂದೆ ಹೋಗಬೇಕಾದ ಜಾಗ ನೋಡಿ!” ಎಂದು ಮೇಟ್ರನ್ ಕೂಗುತ್ತಿದ್ದರು. “ಅಷ್ಟು ಹತ್ತಿರ ಹೋದ್ರೆ ಹೇಗೆ? ನೀವೊಬ್ರೇ ತಿರುಗಿದ್ರೆ ಆಯ್ತಾ, ಕುದುರೆ ಹಿಂಭಾಗಾನೂ ತಿರುಗಬೇಡ್ವಾ? ಆ ಬೆನ್ನಿಗೇನು ಪ್ಲಾಸ್ಟರ್ ಹಾಕಿದಾರಾ? ಕೂತ್ಕೊಳ್ಳಿ, ಕೆಳಗೆ ಕೂತ್ಕೊಳ್ಳಿ!”

ಬೆಂಗಳೂರಿನ ಸೇನಾಧಿಕಾರಿ ಕಷ್ಟಪಟ್ಟು ನೆಟ್ಟಗೆ ಮಾಡಿದ್ದ ಬೆನ್ನನ್ನು ಅವರು ಅಷ್ಟೇ ಕಷ್ಟಪಟ್ಟು ಸಡಿಲಿಸಿದರು. ಡ್ರಮ್ಮು ಬರುವ ಮುಂಚೆಯೇ ಜೀನಿನೊಳಗೆ ಇಳಿದು ಕೂರಬೇಕು, ಆಗ ಕುದುರೆಗೆ ತಿರುವು ಬಂತೆಂದು ತಿಳಿಯುತ್ತದೆ. ಒಂದು ಕೈ ಜೀನಿನ ಮುಂದಿನ ಕೊಂಬಿನಂಥ ಹಿಡಿಯ ಮೇಲೆ, ಇನ್ನೊಂದು ಒಳಬದಿಯ ಲಗಾಮಿನ ಮೇಲೆ. ಇಷ್ಟು ಕಲಿಯಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಇಷ್ಟು ವರ್ಷ ನಾನು ಕುದುರೆಗಳಿಗೆ ಏನನ್ನೂ ಹೇಳಿಯೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ಅವು ತಮ್ಮ ಒಳ್ಳೆಯತನಕ್ಕೆ ನನ್ನನ್ನು ಹೊತ್ತು ತಿರುಗಿದ್ದವು.

ಅತ್ತೆಯೂ ನಮ್ಮೊಡನೆ ಬರಲು ಶುರುಮಾಡಿದರು. ಮಡಿಸುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ತಲೆಗೆ ಮಫ್ಲರ್. ಕೆಲವು ವಾರ ಮೌನವಾಗಿ ನೋಡಿದ ಮೇಲೆ ಒಂದು ಆಕ್ಷೇಪಣೆ ಎತ್ತಿದರು.

“ಮೊದಲನೇ ಡ್ರಮ್ಮಿಗೆ ಸರಿಯಾಗಿ ಪ್ರದಕ್ಷಿಣೆ ಹಾಕ್ತೀಯ. ಇನ್ನೆರಡಕ್ಕೆ ಅಪ್ರದಕ್ಷಿಣೆ ಯಾಕೆ ಹಾಕ್ತೀಯ? ಅದಕ್ಕೇ ಬಿದ್ದಿರೋದು ನೀನು.”

“ಅತ್ತೆ, ನಾನು ಬಿದ್ದಿದ್ದು ಪ್ರದಕ್ಷಿಣೆ ಹಾಕೋವಾಗಲೇ.”

ಅತ್ತೆ ಯೋಚಿಸಿದರು. “ಭಕ್ತಿ ಸಾಲದು,” ಎಂದು ಕಾಫಿ ಬಗ್ಗಿಸಿಕೊಂಡರು.

ಓಟ ಶುರುವಾದಾಗ ಭಯ ಬಂತು. ಇದನ್ನು ಯಾರಿಗೂ ಹೇಳಿರಲಿಲ್ಲ. ಡ್ರಮ್ಮು ಹತ್ತಿರ ಬಂದಂತೆ ಹೆಗಲು ತಾನಾಗಿ ಬಿಗಿಯುತ್ತಿತ್ತು, ಕೈ ಲಗಾಮು ಜಗ್ಗುತ್ತಿತ್ತು, ಕುದುರೆ ಗಲಿಬಿಲಿಗೊಂಡು ತಲೆ ಕೊಡವುತ್ತಿತ್ತು. ಒಂದು ದಿನ ಜೀನಿನ ಪಟ್ಟಿ ಸಡಿಲವಾಗಿದೆ ಎಂದು ನೆಪ ಹೇಳಿ ಇಳಿದುಬಿಟ್ಟೆ. ಮೇಟ್ರನ್ ಬಂದು ಪಟ್ಟಿಯೊಳಗೆ ಬೆರಳು ತೂರಿಸಲು ನೋಡಿದರು. ಬೆರಳು ತೂರಲಿಲ್ಲ, ಅಷ್ಟು ಬಿಗಿಯಾಗಿತ್ತು. ಇನ್ನು ಬಂತು ಮಾತು ಎಂದುಕೊಂಡೆ.

“ಭಯ ಇರ್ಲಿ ಡಾಕ್ಟರ್,” ಎಂದರು ಮೆಲ್ಲಗೆ. “ಅದು ಇರ್ಲಿಲ್ಲ ಅಂತಲೇ ಮೊದಲನೇ ಸಲ ಬಿದ್ದಿದ್ದು. ಇವತ್ತು ಮತ್ತೆ ನಡೆಸ್ಕೊಂಡು ಹೋಗಿ. ಮುಂದಿನ ವಾರ ನೋಡೋಣ.”

ವ್ಯಂಗ್ಯವಿಲ್ಲದ ಅವರ ಮಾತು ಕೇಳಿ ನನಗೆ ಇನ್ನಷ್ಟು ಭಯವಾಯಿತು. ಆದರೂ ಮತ್ತೆ ಹತ್ತಿ, ನಡೆಸಿಕೊಂಡೇ ಹೋದೆ. ಮುಂದಿನ ವಾರ ಸ್ವಲ್ಪ ಓಡಿಸಿದೆ. ಅದರ ಮುಂದಿನ ವಾರ ಇನ್ನೂ ಸ್ವಲ್ಪ.

ವಸಂತದಲ್ಲಿ ಹತ್ತಿರದ ಊರಿನ ಮೈದಾನದಲ್ಲಿ ಸ್ಪರ್ಧೆ ಬಂತು. ಮೇಟ್ರನ್ ನನ್ನನ್ನು ಕೇಳದೆ ಹೆಸರು ಕೊಟ್ಟಿದ್ದರು. ಅತ್ತೆ ವಾಪಸು ಹೊರಡುವ ಮುಂಚಿನ ಭಾನುವಾರ ಅದು. ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಸಾಸೇಜು ಸುಡುವ ಹೊಗೆಯಿಂದ ದೂರ, ಮೈದಾನದ ಬೇಲಿಯ ಪಕ್ಕ ಅವರ ಕುರ್ಚಿ ಹಾಕಿದೆವು. ನನ್ನ ಜೊತೆ ಸ್ಪರ್ಧಿಸುವವರಲ್ಲಿ ಹೆಚ್ಚಿನವರು ಶಾಲೆಗೆ ಹೋಗುವ ಹುಡುಗಿಯರು. ನಾನು ಚುಚ್ಚುಮದ್ದು ಕೊಟ್ಟ ಒಬ್ಬಳು ಅವರಲ್ಲಿದ್ದಳು, ಅವಳಿಗೆ ಅದು ಚೆನ್ನಾಗಿ ನೆನಪಿದ್ದಂತಿತ್ತು. ಹ್ಯಾಟಿನೊಳಗೆ ಜಡೆ ತುರುಕಿಕೊಂಡು, ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದು, ನಾನು ಗೇಟಿನ ಬಳಿ ಕಾದೆ. ಮೈಕಿನವನು ನನ್ನ ಹೆಸರು ಓದಲು ಹೋಗಿ, ನಡುವೆ ದಾರಿ ತಪ್ಪಿ, “ದಿ ಡಾಕ್ಟರ್!” ಎಂದು ಮುಗಿಸಿದ.

ಮೊದಲ ಡ್ರಮ್ಮು ಹೇಗೆ ದಾಟಿತೋ ನೆನಪಿಲ್ಲ. ಎರಡನೆಯದರ ಬಳಿ ಮೊಣಕಾಲು ತಗುಲಿ ಡ್ರಮ್ಮು ಅಲ್ಲಾಡಿತು, ಬೀಳಲಿಲ್ಲ. ಮೂರನೆಯದರಲ್ಲಿ ನಾನು ಹೇಳಿದ ಕಡೆ, ಹೇಳಿದ ಕ್ಷಣದಲ್ಲಿ ಕುದುರೆ ತಿರುಗಿತು, ಜೊತೆಗೆ ನಾನೂ. ಮುಂದೆ ಬರೀ ಗೇಟು. ಆಗ ನನ್ನ ಬಾಯಿಂದ ಒಂದು ಕೂಗು ಹೊರಟಿತು. “ಓಡೋ! ಓಡೋ ನನ್ನಪ್ಪಾ, ಓಡೋ!” ಆಸ್ಟ್ರೇಲಿಯಾಕ್ಕೆ ಬಂದಾಗಿನಿಂದ ನಾನು ಮೆಲ್ಲಗೆ, ಅಳೆದು, ಪ್ರತಿ ಇಂಗ್ಲಿಷ್ ಪದವನ್ನೂ ಒರೆಸಿ ಮುಂದಿಡುತ್ತಿದ್ದವಳು. ವಾರ್ಡಿನಲ್ಲಿ ಎಂದೂ ದನಿ ಏರಿಸಿದವಳಲ್ಲ. ಅಂದು ಸಾಸೇಜು ತಿನ್ನುತ್ತಿದ್ದ ಅಷ್ಟು ಜನರೆದುರು ಎದೆ ಬಿರಿಯುವ ಹಾಗೆ ಕನ್ನಡದಲ್ಲಿ ಕಿರುಚಿದೆ. ಕುದುರೆಗೆ ಅರ್ಥವಾಯಿತು ಎನ್ನಲಾರೆ, ಆದರೆ ಓಡಿತು. ಗೇಟು ದಾಟಿ ನಿಂತ ಮೇಲೆ ಕಣ್ಣಲ್ಲಿ ನೀರು ಬಂದಿತ್ತು. ಧೂಳು ಎಂದು ಹೇಳಿದೆ.

ನನಗೆ ಬಂದದ್ದು ಕೊನೆಯಿಂದ ಎರಡನೆಯ ಸ್ಥಾನ. ಕೊನೆಯವರು ಮೇಟ್ರನ್. ಅವರು ಎಲ್ಲರಿಗಿಂತ ವೇಗವಾಗಿ ಬಂದು ಎರಡು ಡ್ರಮ್ಮು ಉರುಳಿಸಿದ್ದರು. ಅವರಿಗೆ ಸಮಾಧಾನ ಹೇಳಲು ಹೋದೆ, ಒಳಗೊಳಗೇ ನಗು ಬರುತ್ತಿದ್ದರೂ. “ಸುಮ್ನೆ ನಗಿ ಡಾಕ್ಟರ್, ಹೊಟ್ಟೇಲಿ ಇಟ್ಕೋಬೇಡಿ,” ಎಂದರು. ಇಬ್ಬರೂ ನಕ್ಕೆವು.

ಅತ್ತೆಯ ಬಳಿ ಬಂದೆ. ಗಂಡ ಅವರ ಪಕ್ಕದಲ್ಲೇ ನಿಂತಿದ್ದರು. ಕಾರಿನಿಂದ ಯಾವಾಗ ಇಳಿದರೋ ತಿಳಿಯದು.

“ಹೇಗಿತ್ತು ಅತ್ತೆ?”

“ಆ ಮೇಟ್ರನ್ ಎಷ್ಟು ಚೆನ್ನಾಗಿ ಓಡಿಸ್ತಾಳೆ!” ಎಂದರು ಅತ್ತೆ. “ಡ್ರಮ್ಮು ಬಿದ್ರೆ ಬಿತ್ತು. ನೀನೂ ಪರವಾಗಿಲ್ಲ. ಆದ್ರೆ ಎಲ್ಲರೆದುರಿಗೆ ಹಂಗೆ ಬಡ್ಕೋತಾರೇನೇ? ನನಗೆ ಎಷ್ಟು ನಾಚಿಕೆ ಆಯ್ತು, ಇಲ್ಲಿ ಅರ್ಥ ಆಗಿದ್ದು ನನಗೊಬ್ಬಳಿಗೇ.”

ಪರ್ತ್‌ನಲ್ಲಿದ್ದಷ್ಟು ಕಾಲ ಪ್ರತಿ ವಸಂತದಲ್ಲೂ ಓಡಿದೆ, ಒಮ್ಮೆಯೂ ಗೆಲ್ಲಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಗಂಡನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. ವಯಸ್ಸಾಗುತ್ತಿದ್ದ ಕಂದು ಕುದುರೆಯನ್ನು ಅಷ್ಟು ದೂರ ಸಾಗಿಸಲು ಮನಸ್ಸಾಗದೆ ಮೇಟ್ರನ್ ಬಳಿಯೇ ಬಿಟ್ಟೆ. ಹೊರಡುವ ದಿನ ಅದು ಹುಲ್ಲಿನಿಂದ ತಲೆಯನ್ನೂ ಎತ್ತಲಿಲ್ಲ. ಬ್ರಿಸ್ಬೇನಿನ ಸೆಕೆಯಲ್ಲಿ, ಎಲೆ ಅಲುಗಿದರೂ ಬೆಚ್ಚುವ ಒಂದು ಕಪ್ಪು ಹೆಣ್ಣು ಕುದುರೆ ತೆಗೆದುಕೊಂಡೆ. ಗಂಡ ಧೈರ್ಯ ಮಾಡಿ ಅದಕ್ಕೊಂದು ಕ್ಯಾರೆಟ್ ನೀಡಿದರು, ಅದು ಅವರ ಶರ್ಟಿನ ತೋಳನ್ನೂ ಸೇರಿಸಿ ಕಚ್ಚಿತು. ಎರಡನೆಯ ವರ್ಷ ನಾವಿಬ್ಬರೂ, ಅಂದರೆ ನಾನು ಮತ್ತು ಕುದುರೆ, ಊರ ಜಾತ್ರೆಯಂಥದ್ದೊಂದರ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆದೆವು. ಬಹುಮಾನ ಒಂದು ಮೂಟೆ ಕುದುರೆ ಮೇವು. ಅದನ್ನು ಗೆದ್ದವಳೇ ತಿಂದಳು.