ಕರೆಯದೆ ಒಳಗೆ ಬಾರದವನು

ಮೊದಲೇ ಹೇಳಿಬಿಡುತ್ತೇನೆ, ರಕ್ತಪಿಶಾಚಿಗಳ ಪ್ರೇಮಕಥೆ ಎಂದರೆ ನನಗಾಗುವುದಿಲ್ಲ. ಆದರೆ ಮುನೀಂದ್ರನ ವಿಷಯ ಹೇಳಬೇಕಾದರೆ ಅದನ್ನು ಬಿಟ್ಟು ಹೇಳಲು ಬರುವುದಿಲ್ಲ. ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಈ ಮನುಷ್ಯ, ಕಂಪನಿ ಬಸ್ಸಿನಲ್ಲಿ ಕೂತನೆಂದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನೇ ಕೇಳುತ್ತಿದ್ದ. ಮೊಬೈಲಿನಲ್ಲಿ ದಿನಕ್ಕೊಂದು ಕಂತು ಬರುತ್ತದೆ, ಕನ್ನಡದಲ್ಲೇ. ನೂರಾರು ವರ್ಷ ಬದುಕಿದ ಒಬ್ಬ ಚೆಲುವ, ಬಿಳಿಚಿಕೊಂಡ ಮುಖ, ದೊಡ್ಡ ಬಂಗಲೆ. ಅವನ ಮೇಲೆ ಒಬ್ಬ ಕಾಲೇಜು ಹುಡುಗಿಗೆ ಪ್ರೀತಿ. ಎಲ್ಲಿ ಕಚ್ಚಿಬಿಡುತ್ತೇನೋ ಎಂದು ಅವನಿಗೆ ಭಯ, ಕಚ್ಚಿದರೂ ಚಿಂತೆಯಿಲ್ಲ ಎಂದು ಅವಳ ಹಟ. ಇಷ್ಟೇ ಕಥೆ, ಮುಗಿಯುವ ಮಾತೇ ಇಲ್ಲ.

ನಾನು ಕರಿಬಸಪ್ಪ, ದಾವಣಗೆರೆ ಕಡೆಯವನು. ಬೊಮ್ಮಸಂದ್ರದ ಕಾರ್ಖಾನೆಯಲ್ಲೇ ದುಡಿದು ನಿವೃತ್ತನಾಗಿ ಇಲ್ಲೇ ಮಹಡಿ ಮೇಲೊಂದು ಮನೆ ಹಿಡಿದು ಒಬ್ಬನೇ ಇದ್ದೇನೆ. ಭಾನುವಾರ ಮಧ್ಯಾಹ್ನ ನನ್ನ ಮನೆಗೆ ಮೂವರು ಬರುತ್ತಿದ್ದರು: ಮುನೀಂದ್ರ, ಅವನ ಜೀವದ ಗೆಳೆಯ ವಸಂತ್, ಮತ್ತೆ ಲೇತ್ ಕೆಲಸದ ನಲ್ಲಪ್ಪ. ನಾಲ್ವರೂ ಗಂಡಸರನ್ನು ಪ್ರೀತಿಸುವ ಗಂಡಸರು. ಅದನ್ನು ಬಾಯಿಬಿಟ್ಟು ಹೇಳಿಕೊಂಡು ಚಿತ್ರಾನ್ನ ತಿನ್ನಲು ಇಡೀ ವಾರದಲ್ಲಿ ನಮಗಿದ್ದ ಜಾಗ ಅದೊಂದೇ. ಅಲ್ಲಿ ಬೇರೆ ಮಾತು ಮುಗಿದ ಮೇಲೆ ಆ ಹಾಳು ಪಿಶಾಚಿಯ ಮಾತು ಶುರುವಾಗುತ್ತಿತ್ತು.

ನಲ್ಲಪ್ಪನಿಗೆ ಆ ಕಥೆ ಪ್ರಾಣ. ಬೇಕು ಬೇಕು ಅನ್ನಿಸುತ್ತಿದ್ದರೂ ಕೈ ಕಟ್ಟಿಕೊಂಡು ದೂರ ನಿಲ್ಲುತ್ತಾನಲ್ಲ, ಅದು ಏನು ಅಂತ ನಮಗಲ್ಲದೆ ಇನ್ಯಾರಿಗೆ ಗೊತ್ತು ಎನ್ನುತ್ತಿದ್ದ. ಜೊತೆಗೆ ಹೊಟ್ಟೆಕಿಚ್ಚು ಬೇರೆ. ನೂರು ವರ್ಷ ದಾಟಿದರೂ ಹುಡುಗಿ ನೋಡೋಣ ಬಾ ಅಂತ ಅವನಿಗೆ ಊರಿಂದ ಒಂದು ಫೋನೂ ಬರಲಿಲ್ಲವಲ್ಲ, ಪುಣ್ಯವಂತ ಎಂದು ನಗುತ್ತಿದ್ದ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಾ ಸ್ವಾಮಿ, ಮರೆಯಲ್ಲಿ ಬದುಕುವವನು ಎಂದರೆ ರಕ್ತ ಕುಡಿಯುವವನೇ ಆಗಿರಬೇಕೇ? ನಾವು ಯಾರ ರಕ್ತ ಕುಡಿದಿದ್ದೇವೆ? ಅವನಿಗೆ ವಯಸ್ಸಾಗುವುದಿಲ್ಲ, ಪಾಳಿ ಕೆಲಸವಿಲ್ಲ, ಬಿಪಿ ಮಾತ್ರೆಯಿಲ್ಲ. ಅವನ ಕಷ್ಟವನ್ನು ನಮ್ಮ ಕಷ್ಟ ಎಂದು ತಿಳಿದುಕೊಳ್ಳುವುದು ಶುದ್ಧ ಮೂರ್ಖತನ ಎಂದು ನಾನು ಕೂಗಾಡುತ್ತಿದ್ದೆ. ವಸಂತ್ ಕಡಿಮೆ ಮಾತಿನವನು. ಒಂದು ಸಲ ಮಾತ್ರ, ಆ ಕಥೆಯಲ್ಲಿ ಯಾರಿಗೂ ತಾಯಿಯೇ ಇಲ್ಲ, ಅದಕ್ಕೇ ಎಲ್ಲ ಅಷ್ಟು ಸುಲಭ ಎಂದ.

ಮುನೀಂದ್ರನಿಗೆ ಹಲ್ಲು, ರಕ್ತ, ಬಂಗಲೆ ಯಾವುದೂ ಬೇಕಿರಲಿಲ್ಲ. ಅವನನ್ನು ಹಿಡಿದಿಟ್ಟಿದ್ದು ಆ ಕಥೆಯ ಒಂದೇ ಒಂದು ಕಟ್ಟಳೆ. ಅಷ್ಟು ಬಲವಿರುವ ಪಿಶಾಚಿಯೂ ಮನೆಯವರು ಕರೆಯದೆ ಹೊಸಿಲು ದಾಟುವ ಹಾಗಿಲ್ಲ. ಒಂದು ಕಂತಿನಲ್ಲಿ ಹುಡುಗಿ ಬಾಗಿಲು ತೆಗೆದು ಒಳಗೆ ಬಾ ಎನ್ನುತ್ತಾಳೆ. ಆ ಕಂತನ್ನು ಅವನು ಎಷ್ಟು ಸಲ ಕೇಳಿದ್ದನೋ ದೇವರೇ ಬಲ್ಲ.

ಅದಕ್ಕೆ ಕಾರಣವಿತ್ತು. ಮಾಲೂರಿನಿಂದ ಕೆಲಸಕ್ಕೆ ಬಂದ ಹೊಸದರಲ್ಲಿ ಅವನು ಅತ್ತಿಬೆಲೆಯಲ್ಲಿ ವಸಂತನ ಮನೆಯ ಮೇಲಿನ ರೂಮಿನಲ್ಲೇ ಬಾಡಿಗೆಗಿದ್ದ. ವಸಂತನ ಅಪ್ಪ ಚಿಕ್ಕಬೈರಪ್ಪ ಹೊಲ ಮಾರಿ, ಉಳಿದ ಜಾಗದಲ್ಲಿ ಸಾಲು ರೂಮು ಕಟ್ಟಿಸಿದ ಮನುಷ್ಯ. ತಾಯಿ ಭಾಗ್ಯಮ್ಮ ಮುನೀಂದ್ರನಿಗೆ ಮುದ್ದೆ, ಸಾರು ಇಕ್ಕಿ ಮನೆಮಗನ ಹಾಗೆ ನೋಡಿಕೊಂಡಳು. ಇವನೂ ಕೆಲಸಕ್ಕೆ ಹೊರಡುವಾಗ ದಿನಾ ಆ ಬಾಗಿಲಲ್ಲಿ ನಿಂತು, "ಓಗ್ ಬತ್ತೀನಮ್ಮ" ಎನ್ನುವುದು, ಆಕೆ ಒಳಗಿನಿಂದಲೇ "ಊಂ, ಬಾ" ಎನ್ನುವುದು. ಹೀಗೇ ನಡೆದಿತ್ತು. ಮಗ ಬಂದ ಸಂಬಂಧಗಳನ್ನೆಲ್ಲ ಬೇಡ ಅನ್ನುತ್ತಿರುವುದು ಮುನೀಂದ್ರನಿಗಾಗಿಯೇ ಎಂದು ಆಕೆಗೆ ಒಂದು ದಿನ ತಿಳಿಯಿತು. ತಿಳಿದ ದಿನವೇ ಮೆಟ್ಟಿಲ ಕೆಳಗೆ ನಿಂತಳು.

"ನಾನಾಗಿ ಕರೆಯೋಗಂಟ ನಮ್ಮನೆ ಒಸ್ಲು ತುಳೀಬ್ಯಾಡ" ಎಂದಳು.

ಮುನೀಂದ್ರ ರೂಮು ಖಾಲಿ ಮಾಡಿ ನನ್ನ ಬೀದಿಗೆ ಬಂದ. ನೋಡಿ, ಕರೆಯುವವರೆಗೆ ಎಂದಿದ್ದಾಳಲ್ಲ, ಎಂದೂ ಬರಬೇಡ ಎಂದಿಲ್ಲವಲ್ಲ ಎಂದು ಆ ಒಂದು ಮಾತನ್ನು ಹಿಡಿದುಕೊಂಡು ವರ್ಷಗಟ್ಟಲೆ ಕಾದ. ಭಾಗ್ಯಮ್ಮನಿಗೆ ಕಿಡ್ನಿ ಕೆಟ್ಟಮೇಲೆ, ಅತ್ತಿಬೆಲೆಯಲ್ಲಿ ಸಿಗದ ಮಾತ್ರೆಗಳನ್ನು ತಾನೇ ಹುಡುಕಿ ಒಯ್ಯುತ್ತಿದ್ದ. ಒಯ್ದರೂ ಗೇಟಿನ ಆಚೆಗೇ ನಿಲ್ಲುವುದು. ಚಿಕ್ಕಬೈರಪ್ಪ ಬಂದು ಪೊಟ್ಟಣ ಇಸಿದುಕೊಂಡು, ತಿಂಡಿ ಆಯ್ತೇನಪ್ಪ ಎಂದು ಕೇಳಿ, ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದ. ಕಿಟಕಿಯಲ್ಲಿ ಭಾಗ್ಯಮ್ಮ ಕೂತಿರುತ್ತಿದ್ದಳು. ನೋಡುತ್ತಿದ್ದಳು, ಕರೆಯುತ್ತಿರಲಿಲ್ಲ. ವಸಂತನಿಗೆ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ, ನೀನಾದರೂ ಕೈ ಹಿಡಿದು ಒಳಗೆ ಕರಕೊಂಡು ಹೋಗೋ ಎಂದು. ಅವನು ಅಳುತ್ತಿದ್ದ. ಅಳುವವನಿಗೆ ಎಷ್ಟು ಬೈಯಲಿಕ್ಕಾಗುತ್ತದೆ?

ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ವಸಂತ್ ಫೋನು ಮಾಡಿದ. ಅಮ್ಮ ಹೋದರು ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಮುನೀಂದ್ರ ಓಡಿಬಂದು ನನ್ನ ಬಾಗಿಲು ಬಡಿದ. ಅವನ ಗಾಡಿಯಲ್ಲಿ ಹಿಂದೆ ಕೂತು ಹೊರಟೆ.

ಮನೆ ಮುಂದೆ ಶಾಮಿಯಾನ, ಸೌದೆಯ ಹೊಗೆ, ತಮಟೆ. ಹೆಣ ನಡುಮನೆಯಲ್ಲಿತ್ತು. ಜನ ಬರುತ್ತಿದ್ದರು, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಮುನೀಂದ್ರ ಮಾತ್ರ ಗೇಟಿನ ಹತ್ತಿರ, ನಿಲ್ಲಿಸಿದ್ದ ಬೈಕುಗಳ ಪಕ್ಕದಲ್ಲಿ, ಹಾರ ಹಿಡಿದುಕೊಂಡು ನಿಂತೇಬಿಟ್ಟ.

"ಅಮ್ಮ ಕರೀಲೇ ಇಲ್ವಲ್ಲಣ್ಣ" ಎಂದ. "ಇನ್ಯಾವತ್ತೂ ಕರೆಯಲ್ಲ."

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಆ ದರಿದ್ರ ಕಥೆ ಇವನ ತಲೆ ಕೆಡಿಸಿದೆ ಅನ್ನಿಸಿತು. ಅವನ ರಟ್ಟೆ ಹಿಡಿದುಕೊಂಡೆ.

"ಸತ್ತ ಮನೀಗೆ ಯಾರನ್ನಾದ್ರೂ ಕರೀತಾರೇನಲೇ?" ಎಂದೆ. "ಒಳಗ ಹೋಗಿರೋರನ್ನ ಯಾರು ಕರೆದಾರ? ಕರೀದೇ ಹೋಗೋ ಮನಿ ಅಂದ್ರ ಇದೊಂದೇ. ನಡಿ."

ನಿಜವೇ ತಾನೆ. ನಮ್ಮಲ್ಲಿ ಸಾವಿನ ಮನೆಯವರು ಬನ್ನಿ ಎಂದು ಯಾರನ್ನೂ ಕರೆಯುವುದಿಲ್ಲ. ಹೊರಡುವವರೂ ಹೋಗಿ ಬರ್ತೀನಿ ಎನ್ನುವುದಿಲ್ಲ, ಮಾತಿಲ್ಲದೆ ಎದ್ದು ಹೋಗುತ್ತಾರೆ. ಹೋಗಿ ಬರ್ತೀನಿ ಎಂದರೆ ಆ ಮನೆಗೆ ಇನ್ನೊಂದು ಸಾವನ್ನು ಕೋರಿದ ಹಾಗೆ. ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಆದರೂ ಇವನಿಗೆ ಇನ್ನೊಮ್ಮೆ ಹೇಳಿದೆ, ಬಾಯಿ ಭದ್ರ ಎಂದು.

ಮುನೀಂದ್ರ ಹೊಸಿಲು ದಾಟಿದ. ಭಾಗ್ಯಮ್ಮನ ತಲೆಯ ಬಳಿ ಕೂತಿದ್ದ ವಸಂತ್ ತಲೆಯೆತ್ತಿ ನೋಡಿದ. ಹೆಂಗಸರು ಗುಸುಗುಸು ಎಂದರು. ವಸಂತನ ಸೋದರಮಾವ ಆವಲಪ್ಪ ಕುರ್ಚಿಯಿಂದ ಅರ್ಧ ಎದ್ದ, ಆದರೆ ಹೆಣ ನೋಡಲು ಬಂದವನನ್ನು ತಡೆಯುವ ಹಾಗಿಲ್ಲವಲ್ಲ, ಹಲ್ಲು ಕಚ್ಚಿಕೊಂಡು ಕೂತ. ಮುನೀಂದ್ರ ಹಾರ ಹಾಕಿ, ಬಾಯಿಗೆ ಅಕ್ಕಿ ಕಾಳು ಹಾಕಿ, ವಸಂತನ ಪಕ್ಕ ಗೋಡೆಗೊರಗಿ ಕೂತ. ವಸಂತ್ ಅವನ ಹೆಗಲಿಗೆ ತಲೆ ಇಟ್ಟು ಗೊಳೋ ಎಂದು ಅತ್ತ. ಆ ಮನೆಯಲ್ಲಿ, ಎಲ್ಲರೆದುರು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಮಾರದೆ ಉಳಿಸಿಕೊಂಡಿದ್ದ ಹೊಲದ ಮೂಲೆಯಲ್ಲಿ, ಮಾರಿದ ಜಾಗದಲ್ಲಿ ಎದ್ದಿದ್ದ ಕಾರ್ಖಾನೆ ಶೆಡ್ಡುಗಳ ಹಿಂದೆ, ಮಣ್ಣು ಮಾಡಿದರು. ಚಟ್ಟಕ್ಕೆ ಹೆಗಲು ಕೊಡಲು ಮುನೀಂದ್ರನನ್ನು ಯಾರೂ ಬಿಡಲಿಲ್ಲ, ಅವನೂ ಕೇಳಲಿಲ್ಲ. ಎಲ್ಲರ ಹಿಂದೆ ನಡೆದ.

ಮಣ್ಣಿಂದ ಬಂದವರು ಕಾಲು ತೊಳೆದು, ಹೆಣ ಇದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಡಬೇಕು. ಒಬ್ಬೊಬ್ಬರೇ ನೋಡಿ ಎದ್ದು ಹೋಗುತ್ತಿದ್ದರು. ಚಿಕ್ಕಬೈರಪ್ಪ ಕಂಬಕ್ಕೊರಗಿ ಕೂತಿದ್ದ, ಪಕ್ಕದಲ್ಲಿ ವಸಂತ್. ಮುನೀಂದ್ರ ದೀಪದ ಮುಂದೆ ಬಹಳ ಹೊತ್ತು ನಿಂತ. ಸಾಕು ನಡಿ ಎಂದು ನಾನು ಕಣ್ಸನ್ನೆ ಮಾಡಿದೆ. ಅವನು ತಿರುಗಿದ, ಬಾಗಿಲಿಗೆ ಬಂದ, ಹಿಂದೆ ದಿನಾ ನಿಲ್ಲುತ್ತಿದ್ದ ಅದೇ ಜಾಗದಲ್ಲಿ ಕಾಲು ತಾನಾಗಿಯೇ ನಿಂತಿತು. ಬಾಯಿಗೂ ಅದೇ ಅಭ್ಯಾಸ.

"ಓಗ್ ಬತ್ತೀನಮ್ಮ" ಎಂದುಬಿಟ್ಟ.

ಹೆಂಗಸರೆಲ್ಲ ಕೈಕೆಲಸ ಬಿಟ್ಟು ತಿರುಗಿದರು. ಆವಲಪ್ಪ ಎದ್ದೇಬಿಟ್ಟ, ಈ ಮನೆ ಹಾಳು ಮಾಡಿದ್ದು ಸಾಲದೆ ಇನ್ನೊಂದು ಹೆಣ ಬೀಳಲಿ ಅಂತ ಬಂದಿದ್ದೀಯಾ, ಹೊರಗೆ ನಡಿ ಎಂದು ಅಬ್ಬರಿಸಿದ. ಮುನೀಂದ್ರ ಬಾಯಿ ಮೇಲೆ ಕೈ ಇಟ್ಟುಕೊಂಡ. ಏನಾಯಿತೆಂದು ಅವನಿಗೂ ಅರ್ಥವಾಗಿತ್ತು. ವಸಂತ್ ಎದ್ದು ಬಂದು ಅವನ ಪಕ್ಕದಲ್ಲಿ ನಿಂತ.

ಚಿಕ್ಕಬೈರಪ್ಪ ಕೂತಲ್ಲಿಂದಲೇ ಕೈಯೆತ್ತಿ ಆವಲಪ್ಪನನ್ನು ಸುಮ್ಮನಾಗಿಸಿದ. ದೀಪದ ಕಡೆ ಒಮ್ಮೆ ನೋಡಿದ, ಆಮೇಲೆ ಬಾಗಿಲ ಕಡೆ.

"ಅವ್ಳು ಇದ್ದಿದ್ರೆ ಏನಂತಿದ್ಲೋ ನಂಗೊತ್ತಿಲ್ಲ" ಎಂದ. "ಈಗ ನಾನ್ ಯೋಳ್ತಾ ಇವ್ನಿ. ಊಂ, ಬಾ."